ಮೊದಲು ಹೋಗಿ ನೋಡಿ, ಆಮೇಲೆ ವಿಡಿಯೋ ಮಾಡಿ: ಆಫೀಸಿನ ಒಂದು ಕೆಲಸವನ್ನು ಆನ್‌ಲೈನ್ ಪಾಠದಿಂದ ಸುಧಾರಿಸುವ ಸಮಗ್ರ ಮಾರ್ಗದರ್ಶಿ

ಮ್ಯಾನೇಜರ್ ಫೋನ್ ಮಾಡುತ್ತಾರೆ. "ಡಿಸ್ಪ್ಯಾಚ್‌ನಲ್ಲಿ ಇ-ವೇ ಬಿಲ್ ತಪ್ಪು ಜಾಸ್ತಿ ಆಗ್ತಿದೆ, ಹುಡುಗರಿಗೆ ಒಂದು ಆನ್‌ಲೈನ್ ಟ್ರೈನಿಂಗ್ ಕೊಟ್ಬಿಡಿ." ನಾವು ತಕ್ಷಣ ಪಿಪಿಟಿ ಮಾಡಲು ಕೂರುತ್ತೇವೆ. ಒಂದು ಗಂಟೆಯ ವಿಡಿಯೋ ರೆಕಾರ್ಡ್ ಆಗುತ್ತದೆ, ಕೊನೆಗೆ ಹತ್ತು ಪ್ರಶ್ನೆ, ಎಲ್ಲರಿಗೂ ಸರ್ಟಿಫಿಕೇಟ್. ಮುಂದಿನ ತಿಂಗಳು ಮತ್ತೆ ಅದೇ ಫೋನ್.

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ನಾನೂ ಹೀಗೇ ಪಾಠ ಮಾಡಿಕೊಟ್ಟಿದ್ದೆ. ಪಾಠದಲ್ಲಿ ತಪ್ಪಿರಲಿಲ್ಲ. ಹುಡುಗರೂ ಮನಸ್ಸಿಟ್ಟು ನೋಡಿದ್ದರು. ಆದರೆ ಅಲ್ಲಿ ಆಗುತ್ತಿದ್ದ ತಪ್ಪಿಗೂ ನಾನು ಕಲಿಸಿದ್ದಕ್ಕೂ ಸಂಬಂಧವೇ ಇರಲಿಲ್ಲ. ಅದು ಗೊತ್ತಾಗಿದ್ದು ಡಿಸ್ಪ್ಯಾಚ್ ಟೇಬಲ್ ಪಕ್ಕ ಹೋಗಿ ನಿಂತ ದಿನ. ಅವತ್ತಿನಿಂದ ನಾನು ಕೆಲಸ ಮಾಡುವ ಕ್ರಮವೇ ಬದಲಾಯಿತು, ಆ ಕ್ರಮವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಟ್ರೈನಿಂಗ್ ನೋಡಿಕೊಳ್ಳುವವರು, ಸೂಪರ್‌ವೈಸರ್‌ಗಳು, ಎಚ್‌ಆರ್‌ನವರು, ಆನ್‌ಲೈನ್ ಪಾಠ ಮಾಡುವ ಮೇಷ್ಟ್ರುಗಳು, ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು.

ಉದಾಹರಣೆಗೆ ಕೊನೆವರೆಗೂ ಇ-ವೇ ಬಿಲ್ ಅನ್ನೇ ಹಿಡಿದು ಹೋಗುತ್ತೇನೆ. ಪರಿಚಯ ಇಲ್ಲದವರಿಗೆ ಎರಡು ಮಾತು. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ಲಾರಿಯಲ್ಲಿ ಹೊರಡುವ ಮೊದಲು ಜಿಎಸ್‌ಟಿಯ ಇ-ವೇ ಬಿಲ್ ಪೋರ್ಟಲ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಈ ಬಿಲ್ ತೆಗೆಯಬೇಕು. ಭಾಗ ಎ-ನಲ್ಲಿ ಇನ್‌ವಾಯ್ಸ್, ಮಾಲು, ಬೆಲೆ, ಎಲ್ಲಿಗೆ ಹೋಗುತ್ತದೆ ಅನ್ನುವ ವಿವರ. ಭಾಗ ಬಿ-ನಲ್ಲಿ ಗಾಡಿ ನಂಬರ್. ಇದು ಬಂದಿದ್ದು 2018ರ ಏಪ್ರಿಲ್ 1ರಂದು. ರಾಜ್ಯದ ಒಳಗಡೆಯೇ ಓಡಾಡುವ ಮಾಲಿಗೂ ಅದೇ ದಿನದಿಂದ ಜಾರಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕವೇ. ಜಿಎಸ್‌ಟಿಗೂ ಮುಂಚಿನ ವ್ಯಾಟ್ ತೆರಿಗೆ ಕಾಲದಲ್ಲಿ ನಮ್ಮಲ್ಲಿ ಇಂಥದ್ದೇ ಇ-ಸುಗಮ್ ಇತ್ತಲ್ವಾ, ಹಳಬರಿಗೆ ಅದರ ಅಭ್ಯಾಸ ಇದ್ದೇ ಇತ್ತು.

ಹಂತ 1: ಎಣಿಸಿ

"ತಪ್ಪು ಜಾಸ್ತಿ" ಅಂದರೆ ಎಷ್ಟು? ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಯಾವುದನ್ನು ತಪ್ಪು ಅಂತ ಎಣಿಸುತ್ತೀರಿ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ನಾನು ಬರೆಯುವುದು ಹೀಗೆ: "ಕ್ಯಾನ್ಸಲ್ ಮಾಡಿ ಮತ್ತೆ ತೆಗೆದ ಬಿಲ್, ಇಲ್ಲವೇ ಲಾರಿ ಹೊರಟ ಮೇಲೆ ತಪ್ಪು ಕಂಡ ಬಿಲ್." ಇನ್ನೊಬ್ಬರು ಓದಿದರೂ ಅಷ್ಟೇ ಲೆಕ್ಕ ಬರಬೇಕು.

ಆಮೇಲೆ ಹಿಂದಿನ ಆರು ವಾರದ ಡಿಸ್ಪ್ಯಾಚ್ ರಿಜಿಸ್ಟರ್ ತೆಗೆಯಿರಿ. ಪ್ರತಿ ವಾರ ಒಟ್ಟು ಎಷ್ಟು ಬಿಲ್, ಅದರಲ್ಲಿ ಎಷ್ಟು ತಪ್ಪು. ಬರೀ ತಪ್ಪಿನ ಸಂಖ್ಯೆ ಸಾಲದು, ಯಾಕೆಂದರೆ ತಿಂಗಳ ಕೊನೆಯಲ್ಲಿ ಬಿಲ್ಲೇ ಜಾಸ್ತಿ ಇರುತ್ತದೆ, ಮಾರ್ಚ್‌ನಲ್ಲಂತೂ ಕೇಳುವುದೇ ಬೇಡ. ನೂರು ಬಿಲ್ಲಿಗೆ ಎಷ್ಟು ಅಂತ ಲೆಕ್ಕ ಹಾಕಿ.

ಒಂದು ಮಾತು ಮರೆಯಬೇಡಿ. ಈ ಹಾಳೆಯಲ್ಲಿ ಯಾರ ಹೆಸರೂ ಬೇಡ. ಯಾಕೆ ಎಣಿಸುತ್ತಿದ್ದೀರಿ ಅಂತ ಹುಡುಗರಿಗೆ ಮೊದಲೇ ಹೇಳಿ. ಹೆಸರು ಬರೆದುಕೊಳ್ಳಲು ಶುರು ಮಾಡಿದ ದಿನವೇ ತಪ್ಪುಗಳು ಮುಚ್ಚಿಹೋಗುತ್ತವೆ, ಆಮೇಲೆ ನಿಮ್ಮ ಹಾಳೆಯಲ್ಲಿ ಎಲ್ಲ ಚೆನ್ನಾಗಿ ಕಾಣಿಸುತ್ತದೆ, ದಾರಿಯ ತೆರಿಗೆ ಚೆಕಿಂಗ್‌ನಲ್ಲಿ ಮಾತ್ರ ಲಾರಿ ನಿಲ್ಲುತ್ತಲೇ ಇರುತ್ತದೆ.

ಹಂತ 2: ಹೋಗಿ ನಿಂತುಕೊಳ್ಳಿ

ಟೊಯೋಟಾದ ತಯಾರಿಕಾ ಪದ್ಧತಿ ಕಟ್ಟಿದ ತೈಚಿ ಓನೋ ಎಂಜಿನಿಯರ್‌ಗಳಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಅದರೊಳಗೆ ಗಂಟೆಗಟ್ಟಲೆ ನಿಂತು ನೋಡಿ ಅನ್ನುತ್ತಿದ್ದರಂತೆ. ನಿಮಗೆ ವೃತ್ತ ಬೇಡ. ಆದರೆ ಎರಡು ಸಂಜೆ ಬೇಕು. ಸಂಜೆಯೇ ಯಾಕೆ ಅಂದರೆ ಬಿಲ್ ಆಗುವುದು ಆಗಲೇ.

ನಾನು ನೋಡಿದ್ದು ಇದು. ಆರೂವರೆ ಗಂಟೆ. ಗೇಟಿನಲ್ಲಿ ಲಾರಿ ಇಂಜಿನ್ ಆಫ್ ಮಾಡದೆ ನಿಂತಿದೆ. ಬಿಲ್ ಮಾಡುವ ಹುಡುಗ ಮಧ್ಯಾಹ್ನ ಮೂರಕ್ಕೇ ಟ್ರಾನ್ಸ್‌ಪೋರ್ಟ್‌ನವರಿಗೆ ಫೋನ್ ಮಾಡಿ ಗಾಡಿ ನಂಬರ್ ಕೇಳಿ, ಹಳೇ ಡೆಲಿವರಿ ಚಲನ್ನಿನ ಹಿಂದೆ ಪೆನ್ಸಿಲಲ್ಲಿ ಬರೆದಿಟ್ಟಿದ್ದ. ಆ ಕಡೆಯಿಂದ "ಬಿ" ಅಂದಿದ್ದು ಮೆಷಿನ್ ಸದ್ದಿನಲ್ಲಿ "ಡಿ" ಅಂತ ಕೇಳಿಸಿತ್ತು. ಅದೂ ಹೋಗಲಿ, ಅವರು ಹೇಳಿದ್ದ ಗಾಡಿ ಇನ್ನೂ ದಾಬಸ್‌ಪೇಟೆಯಲ್ಲೇ ಮಾಲು ಇಳಿಸುತ್ತಿತ್ತು, ಹಾಗಾಗಿ ಬೇರೆ ಲಾರಿ ಕಳಿಸಿದ್ದರು. ಇವನಿಗೆ ಯಾರೂ ಹೇಳಿರಲಿಲ್ಲ. ಡ್ರೈವರ್ ಒಳಗೆ ಬಂದ, ಪ್ರಿಂಟ್ ತಗೊಂಡ, ಮಡಚಿ ಜೇಬಿಗಿಟ್ಟುಕೊಂಡು ಹೋದ. ನಂಬರ್ ಪ್ಲೇಟನ್ನು ಯಾರೂ ನೋಡಲಿಲ್ಲ.

ಆಮೇಲೆ ನಾನು ಆ ಹುಡುಗನನ್ನು ಕೇಳಿದೆ, "ಗಾಡಿ ಬದಲಾದರೆ ಏನು ಮಾಡಬೇಕಪ್ಪಾ?" ಅವನು ತಡವರಿಸದೆ ಹೇಳಿದ, "ಭಾಗ ಬಿ ಅಪ್‌ಡೇಟ್ ಮಾಡ್ಬೇಕು ಸಾರ್." ನನ್ನ ಒಂದು ಗಂಟೆಯ ವಿಡಿಯೋದಲ್ಲಿ ಇದ್ದಿದ್ದೂ ಅದೇ ಉತ್ತರ. ಅವನಿಗೆ ಅದು ಮೊದಲೇ ಗೊತ್ತಿತ್ತು.

ನೋಡುವಾಗ ಬರೆದುಕೊಳ್ಳಬೇಕಾದ್ದು: ಮಾಹಿತಿ ಎಲ್ಲಿಂದ ಬಂತು, ಯಾವುದರ ಮೇಲೆ ಬರೆದರು, ಎಷ್ಟು ಹೊತ್ತು ಕಾದರು, ಮಧ್ಯೆ ಯಾರು ಕರೆದರು. ಸಲಹೆ ಕೊಡಬೇಡಿ. ನೀವು ಬಾಯಿಬಿಟ್ಟರೆ ಅವರು ನಿಮಗೋಸ್ಕರ ನೀಟಾಗಿ ಮಾಡಿ ತೋರಿಸಲು ಶುರು ಮಾಡುತ್ತಾರೆ.

ಹಂತ 3: ಗೊತ್ತಿಲ್ಲದೆ ಆದ ತಪ್ಪು, ಗೊತ್ತಿದ್ದೂ ಆದ ತಪ್ಪು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸಿಕ್ಕ ಒಂದೊಂದು ತಪ್ಪಿಗೂ ಈ ಪರೀಕ್ಷೆ ಮಾಡಿ. ಬೆಳಿಗ್ಗೆ ಹತ್ತು ಗಂಟೆಗೆ, ಗದ್ದಲ ಇಲ್ಲದಾಗ, ಕಾಫಿ ಕುಡಿದು ಕೂತ ಮೇಲೆ, ಬೇಕಾದ ಕಾಗದ ಎಲ್ಲ ಕೈಗೆ ಕೊಟ್ಟು ಅದೇ ಬಿಲ್ ಮಾಡಿಸಿ. ಸರಿಯಾಗಿ ಮಾಡಿದರೆ ಅವರಿಗೆ ಕೆಲಸ ಗೊತ್ತಿದೆ, ತೊಂದರೆ ಕೆಲಸ ನಡೆಯುವ ರೀತಿಯಲ್ಲಿದೆ. ಆಗಲೂ ತಪ್ಪಾದರೆ ಮಾತ್ರ ಪಾಠ ಬೇಕು.

ಗಾಡಿ ನಂಬರ್ ತಪ್ಪು ಗೊತ್ತಿದ್ದೂ ಆಗುವ ಜಾತಿಯದು. ಅದಕ್ಕೆ ಎಷ್ಟು ವಿಡಿಯೋ ತೋರಿಸಿದರೂ ಉಪಯೋಗವಿಲ್ಲ.

ಪಿನ್ ಕೋಡ್ ತಪ್ಪು ಹಾಗಲ್ಲ. ಇನ್‌ವಾಯ್ಸ್ ಹೊಸೂರಿನ ಆಫೀಸಿನ ಹೆಸರಿಗೆ, ಮಾಲು ಇಳಿಯುವುದು ಚೆನ್ನೈ ಗೋಡೌನ್‌ನಲ್ಲಿ ಅಂದುಕೊಳ್ಳಿ. ಹುಡುಗರು ಮಾಲು ಇಳಿಯುವ ಜಾಗದಲ್ಲೂ ಹೊಸೂರಿನ ಪಿನ್ ಹಾಕಿಬಿಡುತ್ತಾರೆ. ಪೋರ್ಟಲ್ ದೂರ ಲೆಕ್ಕ ಹಾಕುವುದು ಪಿನ್ ನೋಡಿಕೊಂಡು, ಬಿಲ್ಲಿನ ಅವಧಿ ಸಿಗುವುದು ದೂರ ನೋಡಿಕೊಂಡು, ಸಾಮಾನ್ಯ ಮಾಲಿಗೆ 200 ಕಿಲೋಮೀಟರಿಗೆ ಒಂದು ದಿನ. ಹೊಸೂರು ಅಂದರೆ ಒಂದು ದಿನ. ಸುಮಾರು 350 ಕಿಲೋಮೀಟರ್ ದೂರದ ಚೆನ್ನೈಗೆ ಎರಡು ದಿನ ಸಿಗಬೇಕಿತ್ತು. ಲಾರಿ ತಡವಾದರೆ ದಾರಿಯಲ್ಲೇ ಬಿಲ್ ಮುಗಿದುಹೋಗುತ್ತದೆ. ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆ ಒಳಗೆ ವಿಸ್ತರಿಸಬಹುದು, ಆದರೆ ನಡುರಾತ್ರಿ ಅದನ್ನು ಮಾಡುವವರು ಯಾರು? ಬೆಳಿಗ್ಗೆ ಕೂರಿಸಿ ಮಾಡಿಸಿದರೂ ಹುಡುಗರು ಅದೇ ಪಿನ್ ಹಾಕಿದರೆ ಇದು ಗೊತ್ತಿಲ್ಲದ್ದು. ಪಾಠ ಇದಕ್ಕೇ.

ಇನ್‌ವಾಯ್ಸ್ ನಂಬರಲ್ಲಿ ಒಂದು ಅಂಕಿ ಆಚೀಚೆ ಆಗುವುದು ಕೈತಪ್ಪು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಿಂದ ನೇರವಾಗಿ ವಿವರ ಕಳಿಸಿದರೆ ಟೈಪ್ ಮಾಡುವ ಕೆಲಸವೇ ಇಲ್ಲ. ಅಂದ ಹಾಗೆ 2018ರ ಸೆಪ್ಟೆಂಬರ್ 14ರ ಜಿಎಸ್‌ಟಿ ಸುತ್ತೋಲೆಯ ಪ್ರಕಾರ ಗಾಡಿ ನಂಬರ್ ಅಥವಾ ಇನ್‌ವಾಯ್ಸ್ ನಂಬರಲ್ಲಿ ಒಂದೆರಡು ಅಂಕಿ ತಪ್ಪಿದ್ದಂಥ ಸಣ್ಣ ದೋಷಕ್ಕೆ ಮಾಲು ಹಿಡಿದಿಡುವ ಕ್ರಮ ಇಲ್ಲ, ಕೇಂದ್ರ ಮತ್ತು ರಾಜ್ಯಕ್ಕೆ ತಲಾ 500 ರೂಪಾಯಿ ದಂಡ. ಲಾರಿಯೇ ಬೇರೆ ಆಗಿರುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಯಾವುದನ್ನು ಮೊದಲು ಸರಿಮಾಡಬೇಕು ಅಂತ ಇದರಿಂದಲೂ ತೀರ್ಮಾನ ಮಾಡಬಹುದು.

ಗುಣಮಟ್ಟದ ವಿಷಯದಲ್ಲಿ ಜಪಾನಿನವರು ಗುರು ಅಂತ ಕಂಡ ಅಮೆರಿಕದ ಡೆಮಿಂಗ್, ತೊಂದರೆಗಳಲ್ಲಿ ನೂರಕ್ಕೆ 94ರಷ್ಟು ವ್ಯವಸ್ಥೆಯವು ಅಂತ ತಮ್ಮ ಅನುಭವದ ಅಂದಾಜು ಹೇಳಿದ್ದರು. ಅದು ಅಂದಾಜು, ಅಳತೆ ಅಲ್ಲ. ಆದರೂ ಡಿಸ್ಪ್ಯಾಚ್ ಟೇಬಲ್ ಪಕ್ಕ ಎರಡು ಸಂಜೆ ನಿಂತರೆ ಅವರು ಯಾಕೆ ಹಾಗೆ ಹೇಳಿದರು ಅಂತ ಅರ್ಥವಾಗುತ್ತದೆ.

ಹಂತ 4: ಪಾಠಕ್ಕೂ ಮುಂಚೆ ಕೆಲಸದ ಕ್ರಮ ತಿದ್ದಿ

ಗಾಡಿ ನಂಬರಿಗೆ ನಾವು ಮಾಡಿದ್ದು ಇಷ್ಟೇ. ಮಧ್ಯಾಹ್ನ ಭಾಗ ಎ ಮಾತ್ರ ತುಂಬಿ ಇಡುವುದು. ಪೋರ್ಟಲ್ ಇದಕ್ಕೆ ಅವಕಾಶ ಕೊಟ್ಟಿದೆ, ಭಾಗ ಬಿ ತುಂಬಲು 15 ದಿನ ಇರುತ್ತದೆ. ಲಾರಿ ಗೇಟಿಗೆ ಬಂದ ಮೇಲೆ ಸೆಕ್ಯುರಿಟಿಯವರು ನಂಬರ್ ಪ್ಲೇಟಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಫೋಟೋ ನೋಡಿಕೊಂಡೇ ಭಾಗ ಬಿ. ಫೋನಲ್ಲಿ ಕೇಳಿದ ನಂಬರ್ ಯಾವ ಕಾರಣಕ್ಕೂ ಬೇಡ.

ಎಲ್ಲ ಕಡೆ ಒಂದೇ ಸಲ ಜಾರಿ ಮಾಡಬೇಡಿ. ಒಬ್ಬ ಸೆಕ್ಯುರಿಟಿ, ಒಂದು ಸಂಜೆ, ಮೂರು ಲಾರಿ. ಯೋಜನೆ ಮಾಡಿ, ಮಾಡಿ ನೋಡಿ, ಆಗಿದ್ದನ್ನು ಪರಿಶೀಲಿಸಿ, ತಿದ್ದಿ, ಮತ್ತೆ ಮಾಡಿ. ಡೆಮಿಂಗ್ ಕಲಿಸಿದ ಚಕ್ರ ಇದೇ. ನಮ್ಮ ಮೊದಲ ಸಂಜೆಯೇ ಕತ್ತಲಲ್ಲಿ ತೆಗೆದ ಫೋಟೋದಲ್ಲಿ ನಂಬರ್ ಕಾಣಲಿಲ್ಲ, ಮಣ್ಣು ಮೆತ್ತಿದ ಪ್ಲೇಟ್ ಬೇರೆ. ಗೇಟಿನ ಲೈಟು ತಿರುಗಿಸಿ, ಒಂದು ಬಟ್ಟೆ ಇಟ್ಟೆವು. ಮೂರನೇ ಸಂಜೆಗೆ ಸರಿಹೋಯಿತು. ಮೂರು ಶಿಫ್ಟಿಗೂ ಒಮ್ಮೆಗೇ ಹೇಳಿದ್ದರೆ ಮೊದಲ ದಿನವೇ "ಇದು ಆಗೋ ಕೆಲಸ ಅಲ್ಲ" ಅಂತ ಬಿಟ್ಟುಬಿಡುತ್ತಿದ್ದರು.

ಸಣ್ಣ ಕ್ರಮಕ್ಕೆ ಎಷ್ಟು ಬಲ ಇದೆ ಅಂತ ಅನುಮಾನ ಇದ್ದರೆ ಆಪರೇಷನ್ ಥಿಯೇಟರಿನ ಉದಾಹರಣೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶದ ಚೆಕ್‌ಲಿಸ್ಟನ್ನು ದೆಹಲಿಯೂ ಸೇರಿ 8 ನಗರಗಳ 8 ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಆ ಸರ್ಜನ್‌ಗಳು ಆಪರೇಷನ್ ಮಾಡುವುದನ್ನು ಹೊಸದಾಗಿ ಕಲಿತಿರಲಿಲ್ಲ.

ಹಂತ 5: ಈಗ ಪಾಠ. ಮೊದಲು ಪ್ರಶ್ನೆ ಬರೆಯಿರಿ

ವಿಡಿಯೋ ಮಾಡುವ ಮೊದಲು ಪಾಠ ಮುಗಿದ ಮೇಲೆ ಅವರು ಏನು ಮಾಡಿ ತೋರಿಸಬೇಕು ಅನ್ನುವುದನ್ನು ಒಂದು ಪ್ರಶ್ನೆಯಾಗಿ ಬರೆಯಿರಿ. ನಿಜವಾದ ಇನ್‌ವಾಯ್ಸ್ ತಗೊಂಡು, ಹೆಸರು ಮತ್ತು ಜಿಎಸ್‌ಟಿ ನಂಬರ್ ಅಳಿಸಿ, "ಇದಕ್ಕೆ ಎಲ್ಲಿಯ ಪಿನ್ ಹಾಕುತ್ತೀರಿ, ಎಷ್ಟು ದಿನದ ಅವಧಿ ಬರಬೇಕು?" ಅಂತ ಕೇಳಿ. ಈ ಪ್ರಶ್ನೆಗೆ ಉತ್ತರಿಸಲು ಬೇಕಾಗದ ಯಾವುದನ್ನೂ ವಿಡಿಯೋಗೆ ಹಾಕಬೇಡಿ. ಜಿಎಸ್‌ಟಿ ಯಾವಾಗ ಬಂತು, ಸೆಕ್ಷನ್ ಎಷ್ಟು, ಕಂಪನಿಯ ಧ್ಯೇಯವಾಕ್ಯ ಏನು, ಇವೆಲ್ಲ ಬೇಡ.

ಉದ್ದ ಎಷ್ಟಿರಬೇಕು? 2014ರಲ್ಲಿ ಆನ್‌ಲೈನ್ ಕೋರ್ಸ್‌ಗಳ ತಾಣ ಎಡ್‌ಎಕ್ಸ್‌ನ ನಾಲ್ಕು ಕೋರ್ಸ್‌ಗಳ 69 ಲಕ್ಷ ವಿಡಿಯೋ ವೀಕ್ಷಣೆಗಳನ್ನು ಅಳೆದು ನೋಡಿದ ಒಂದು ಅಧ್ಯಯನ ಬಂತು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ನೋಡಿದ ಮಧ್ಯಮ ಅವಧಿ, ಅಂದರೆ ಸಾಲಾಗಿ ಜೋಡಿಸಿದರೆ ನಡುವೆ ಬರುವ ಅವಧಿ, ಹೆಚ್ಚೆಂದರೆ 6 ನಿಮಿಷ. ಇದು ಎಷ್ಟು ಹೊತ್ತು ನೋಡಿದರು ಅನ್ನುವ ಲೆಕ್ಕ, ಎಷ್ಟು ಕಲಿತರು ಅನ್ನುವುದಲ್ಲ. ಆದರೂ ನಾನು 6 ನಿಮಿಷ ದಾಟಿಸುವುದಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಮಾಡಿ ತೋರಿಸುವ ವಿಡಿಯೋಗಳನ್ನು ಜನ ಬೇಕಾದ ಜಾಗಕ್ಕೆ ಹಿಂದೆ ಹೋಗಿ ಮತ್ತೆ ಮತ್ತೆ ನೋಡುತ್ತಾರೆ. ಹಾಗಾಗಿ "ಪಿನ್ ಹಾಕುವುದು 1:40", "ದೂರ ನೋಡುವುದು 3:10" ಅಂತ ವಿಡಿಯೋ ಕೆಳಗೆ ಸಮಯ ಬರೆಯಿರಿ.

ರೆಕಾರ್ಡ್ ಮಾಡಲು ಓಬಿಎಸ್ ಸ್ಟುಡಿಯೋ ಸಾಕು, ಉಚಿತ. ಬ್ರೌಸರ್ ಅನ್ನು ಶೇ. 150ಕ್ಕೆ ದೊಡ್ಡದು ಮಾಡಿ, ಅವರು ನೋಡುವುದು ಮೊಬೈಲಲ್ಲಿ. ಫ್ಯಾನ್ ಆಫ್ ಮಾಡಿ. ಮಾತು ಕನ್ನಡದಲ್ಲಿ, ಬಟನ್ ಹೆಸರು ಪರದೆ ಮೇಲೆ ಇರುವ ಹಾಗೇ. ಅಲ್ಲಿ "ಸಬ್ಮಿಟ್" ಅಂತ ಇರುವಾಗ ನೀವು "ಸಲ್ಲಿಸು ಒತ್ತಿ" ಅಂದರೆ ಅವರು ಹುಡುಕುತ್ತಾ ಕೂರುತ್ತಾರೆ. ಹೇಳುವ ಮಾತನ್ನೇ ಪಕ್ಕದಲ್ಲಿ ಪೂರ್ತಿ ಬರೆದು ಓದಬೇಡಿ. ಕಣ್ಣು ಅಕ್ಷರಕ್ಕೆ ಹೋದರೆ ಪರದೆಯಲ್ಲಿ ಕರ್ಸರ್ ಏನು ಮಾಡಿತು ಅಂತ ಕಾಣುವುದಿಲ್ಲ.

ನನ್ನ ಪಾಠ ಶುರುವಾಗುವುದು ಹೀಗೆ: "ಇನ್‌ವಾಯ್ಸ್ ಕೈಗೆ ತಗೊಳ್ಳಿ. ಇದರಲ್ಲಿ ಎರಡು ವಿಳಾಸ ಇದೆ. ದುಡ್ಡು ಯಾರು ಕೊಡ್ತಾರೆ ಅದು ಬೇಡ, ಲಾರಿ ಎಲ್ಲಿ ಮಾಲು ಇಳಿಸುತ್ತೆ? ಆ ವಿಳಾಸದ ಮೇಲೆ ಬೆರಳಿಡಿ. ಬೆರಳು ಅಲ್ಲೇ ಇರಲಿ, ಈಗ ಪಿನ್ ಟೈಪ್ ಮಾಡಿ." ಒಂದು ಬಿಲ್ ನಾನೇ ಪೂರ್ತಿ ಮಾಡಿ ತೋರಿಸುತ್ತೇನೆ. ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಉಳಿದದ್ದು ಅವರಿಂದ. ಮೂರನೆಯದು ಪೂರ್ತಿ ಅವರದೇ.

ಹಂತ 6: ಮತ್ತೆ ನೋಡಿ ಅನ್ನಬೇಡಿ, ಕೇಳಿ

ಯಾರಾದರೂ ಮರೆತರೆ "ವಿಡಿಯೋ ಇನ್ನೊಂದು ಸಲ ನೋಡಿ" ಅಂತೀವಲ್ವಾ? 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಬರಹವನ್ನು ನಾಲ್ಕು ಸುತ್ತು ಓದಿದರು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿಂದ ಬರೆಯಿತು. ಐದು ನಿಮಿಷ ಆದಮೇಲೆ ಕೇಳಿದಾಗ ಓದಿದವರೇ ಮುಂದೆ, ಶೇ. 83 ಮತ್ತು ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ತಿರುವುಮುರುವು: ಓದಿದವರಿಗೆ ಶೇ. 40, ನೆನಪಿಸಿಕೊಂಡವರಿಗೆ ಶೇ. 61. ವಿಡಿಯೋ ಮುಗಿದ ಕೂಡಲೇ ಇಡುವ ಕ್ವಿಜ್ ಅಂಕ ನೋಡಿ ನಾವು ಯಾಕೆ ಮೋಸ ಹೋಗುತ್ತೇವೆ ಅಂತ ಇದರಲ್ಲೇ ಇದೆ.

ಅದಕ್ಕೆ ನಾನು ಒಂದೊಂದೇ ಪ್ರಶ್ನೆ ಕಳಿಸುತ್ತೇನೆ. ಮಾರನೇ ದಿನ ಒಂದು, ನಾಲ್ಕನೇ ದಿನ ಒಂದು, ವಾರಕ್ಕೆ ಒಂದು, ಮೂರು ವಾರಕ್ಕೆ ಒಂದು. ಪ್ರತಿ ಸಲ ಬೇರೆ ಇನ್‌ವಾಯ್ಸ್. ಗೂಗಲ್ ಫಾರ್ಮ್‌ನಲ್ಲಿ ಕಳಿಸಿ, ವಾಟ್ಸಾಪ್ ಗುಂಪಿನಲ್ಲೇ ಉತ್ತರ ಕೇಳಬೇಡಿ. ಮೊದಲು ಬಂದ ಉತ್ತರವನ್ನೇ ಎಲ್ಲರೂ ಹಾಕುತ್ತಾರೆ. ತಪ್ಪು ಉತ್ತರ ಕೊಟ್ಟವರಿಗೆ ಸರಿ ಉತ್ತರದ ಜೊತೆ ಒಂದು ಸಾಲಿನ ಕಾರಣ ಹೋಗಲಿ. ಅಂಕ ಮ್ಯಾನೇಜರಿಗೆ ಹೋಗುವುದು ಬೇಡ.

ಇದೆಲ್ಲ ಕೆಲಸದ ಸಮಯದಲ್ಲೇ ಆಗಬೇಕು. ಎಂಐಟಿ ಮತ್ತು ಹಾರ್ವರ್ಡ್‌ನವರ ಉಚಿತ ಆನ್‌ಲೈನ್ ಕೋರ್ಸುಗಳಲ್ಲೇ 2017-18ರಲ್ಲಿ ಸೇರಿದ ನೂರು ಜನರಲ್ಲಿ ಮುಗಿಸಿದವರು ಸುಮಾರು ಮೂವರು. ತಾವಾಗಿ ಇಷ್ಟಪಟ್ಟು ಸೇರಿದವರ ಕಥೆ ಅದು. ಹತ್ತು ಗಂಟೆ ದುಡಿದು, ಎರಡು ಬಸ್ ಬದಲಾಯಿಸಿ ಮನೆಗೆ ಹೋಗುವ ಹುಡುಗನಿಗೆ "ರಾತ್ರಿ ಮೊಬೈಲಲ್ಲಿ ನೋಡ್ಕೊಳಿ" ಅನ್ನುವುದು ನ್ಯಾಯವೂ ಅಲ್ಲ. ಬೆಳಿಗ್ಗೆ ಹದಿನೈದು ನಿಮಿಷ ಬಿಡುವು ಕೊಡುತ್ತೀರಾ ಅಂತ ಮ್ಯಾನೇಜರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಒಪ್ಪದಿದ್ದರೆ ಪಾಠ ಮಾಡುವ ಕೆಲಸವನ್ನೇ ನಾನು ತಗೊಳ್ಳುವುದಿಲ್ಲ.

ಒಂದು ಸಲವಾದರೂ ಪ್ರತಿಯೊಬ್ಬರ ಜೊತೆ ಸ್ಕ್ರೀನ್ ಶೇರ್ ಮಾಡಿಸಿ ಕೂರಿ. ಅವರು ಬಿಲ್ ಮಾಡುತ್ತಾ ಏನು ಮಾಡುತ್ತಿದ್ದೇನೆ, ಯಾಕೆ ಅಂತ ಬಾಯಿಬಿಟ್ಟು ಹೇಳಲಿ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರನ್ನು ಬೇಗ ತಯಾರು ಮಾಡಲು ನಾಲ್ಕು ಹೆಜ್ಜೆಯ ಪದ್ಧತಿ ತಂದರು: ಮನಸ್ಸು ಸಿದ್ಧ ಮಾಡು, ಮಾಡಿ ತೋರಿಸು, ಮಾಡಿಸಿ ನೋಡು, ಆಮೇಲೂ ಬಂದು ವಿಚಾರಿಸು. ಯುದ್ಧ ಮುಗಿದ ಮೇಲೆ ಇದು ಜಪಾನಿಗೂ ಹೋಯಿತು. ನಮ್ಮ ಆನ್‌ಲೈನ್ ಪಾಠಗಳು ಬಹುಪಾಲು ಎರಡನೇ ಹೆಜ್ಜೆಗೇ ನಿಂತುಬಿಡುತ್ತವೆ.

ಹಂತ 7: ಅಳೆಯಿರಿ

"ಪಾಠ ಹೇಗಿತ್ತು?" ಅನ್ನುವ ಫಾರ್ಮ್ ಕೊಡಿ, ಬೇಡ ಅನ್ನುವುದಿಲ್ಲ. ಅದರ ಮೇಲೆ ತೀರ್ಮಾನ ಮಾತ್ರ ಮಾಡಬೇಡಿ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಅಧ್ಯಯನದಲ್ಲಿ ಸುಮ್ನೆ ಕೂತು ಒಳ್ಳೆ ಉಪನ್ಯಾಸ ಕೇಳಿದವರು ತಾವು ಜಾಸ್ತಿ ಕಲಿತೆವು ಅಂದುಕೊಂಡರು, ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದಿದ್ದು ತಾವೇ ಲೆಕ್ಕ ಬಿಡಿಸುತ್ತಾ ಒದ್ದಾಡಿದವರಿಗೆ. ಒದ್ದಾಟ ಇದ್ದ ಪಾಠಕ್ಕೆ ಸ್ಟಾರ್ ಕಡಿಮೆ ಬಿದ್ದರೆ ಬೇಜಾರು ಬೇಡ.

ನಿಮ್ಮ ಅಳತೆ ಹಂತ 1ರಲ್ಲೇ ಇದೆ. ಗೀಟು ಹಾಳೆ ತಗೊಳ್ಳಿ. ಅಡ್ಡಕ್ಕೆ ವಾರ, ಉದ್ದಕ್ಕೆ ನೂರು ಬಿಲ್ಲಿಗೆ ಎಷ್ಟು ತಪ್ಪು. ಹಳೆಯ ಆರು ವಾರದ ಚುಕ್ಕಿ ಇಟ್ಟು, ಅವುಗಳ ನಡುವಿನ ಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಗೇಟಿನ ಫೋಟೋ ಶುರುವಾದ ವಾರ ಒಂದು ಉದ್ದಗೆರೆ, ಪಾಠ ಶುರುವಾದ ವಾರ ಇನ್ನೊಂದು. ಎರಡನ್ನೂ ಒಂದೇ ವಾರ ಶುರು ಮಾಡಬೇಡಿ, ಆಮೇಲೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ. ತಪ್ಪನ್ನು ಬಗೆಬಗೆಯಾಗಿ ಬೇರೆ ಎಣಿಸಿದರೆ ಇನ್ನೂ ಒಳ್ಳೆಯದು: ಫೋಟೋದಿಂದ ಗಾಡಿ ನಂಬರ್ ತಪ್ಪು ಇಳಿಯಬೇಕು, ಪಾಠದಿಂದ ಪಿನ್ ತಪ್ಪು ಇಳಿಯಬೇಕು.

40 ಬಿಲ್ಲಿನ ವಾರದಲ್ಲಿ ತಪ್ಪು ಎರಡರಿಂದ ಒಂದಕ್ಕೆ ಬಂದರೆ "ಶೇ. 50 ಇಳಿಕೆ" ಅಂತ ಸ್ಲೈಡ್ ಮಾಡಬೇಡಿ. ಒಂದು ಬಿಲ್ ಆಚೀಚೆ ಆಗುವುದು ಯಾವ ವಾರವಾದರೂ ಆಗುತ್ತದೆ. ಸಾಲಾಗಿ ಆರು ವಾರ ಚುಕ್ಕಿ ಆ ಅಡ್ಡಗೆರೆಯ ಕೆಳಗೇ ಇದ್ದರೆ ನಂಬಬಹುದು. ಎರಡು ಶಿಫ್ಟ್ ಇದ್ದರೆ ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ತಿಂಗಳು ಬಿಟ್ಟು ಶುರು ಮಾಡಿ. ಎರಡನೇ ಶಿಫ್ಟಿನಲ್ಲಿ ಪಾಠಕ್ಕೂ ಮುಂಚೆಯೇ ತಪ್ಪು ಇಳಿದಿದ್ದರೆ ಕಾರಣ ಬೇರೆ ಏನೋ ಇದೆ.

ಇಳಿಯದಿದ್ದರೆ? ವಾಪಸ್ ಹಂತ 2. ಟೇಬಲ್ ಪಕ್ಕ ಇನ್ನೊಂದು ಸಂಜೆ.

ಹಂತ 8: ಪಾಠಕ್ಕೆ ತಾರೀಕು ಹಾಕಿ

200 ಕಿಲೋಮೀಟರಿಗೆ ಒಂದು ದಿನ ಅಂತ ಹೇಳಿದೆನಲ್ಲ, 2021ರ ಜನವರಿ 1ಕ್ಕೂ ಮೊದಲು ಅದು 100 ಕಿಲೋಮೀಟರ್ ಇತ್ತು. ಅದಕ್ಕೂ ಹಿಂದೆ ಮಾಡಿದ ವಿಡಿಯೋಗಳೆಲ್ಲ ಆ ದಿನ ತಪ್ಪು ಪಾಠ ಆದವು. ಮತ್ತೂ ಬದಲಾಗಬಹುದು, ಹಾಗಾಗಿ ರೆಕಾರ್ಡ್ ಮಾಡುವ ದಿನ ಪೋರ್ಟಲ್‌ನಲ್ಲಿ ಇರುವ ನಿಯಮ ಒಮ್ಮೆ ನೋಡಿಕೊಳ್ಳಿ. ವಿಡಿಯೋದ ಮೊದಲ ಚಿತ್ರದಲ್ಲೇ ತಿಂಗಳು, ವರ್ಷ ದೊಡ್ಡದಾಗಿ ಹಾಕಿ. ಗುಂಪಿಗೆ ವಿಡಿಯೋ ಫೈಲ್ ಕಳಿಸಬೇಡಿ, ಅದು ಹತ್ತು ಫೋನಿನಲ್ಲಿ ಉಳಿದುಕೊಂಡು ಎರಡು ವರ್ಷ ಆದಮೇಲೂ ಹೊಸ ಹುಡುಗನಿಗೆ ಫಾರ್ವರ್ಡ್ ಆಗುತ್ತದೆ. ಲಿಂಕ್ ಕಳಿಸಿ. ನಿಯಮ ಬದಲಾದ ದಿನ ಲಿಂಕಿನ ಹಿಂದಿರುವ ಹಳೇ ವಿಡಿಯೋ ತೆಗೆದು ಹೊಸದು ಇಡಿ, ಡಿಸ್ಪ್ಯಾಚ್ ಟೇಬಲ್ ಮೇಲೆ ನಿಯಮದ ಚೀಟಿ ಅಂಟಿಸಿದ್ದರೆ ಅದನ್ನೂ ಅವತ್ತೇ ಬದಲಾಯಿಸಿ.